ಮುರಿಕ್-ತಿದ್ನಿಮ್ ಕಾಮಗಾರಿ: ಪ್ರಗತಿ ವರದಿ

ಕ್ರಿ.ಪೂ. 2034ರ ಸುಮಾರಿಗೆ, ಇಂದಿನ ಇರಾಕಿನಲ್ಲಿದ್ದ ಸುಮೇರಿಯನ್ನರ ಊರ್ ನಗರದ ದೊರೆ ಶೂ-ಸಿನ್ ಗೋಡೆ ಕಟ್ಟಿಸಿದ. ಹಿಂದಿನ ದೊರೆ ಶುಲ್ಗಿ ಕಟ್ಟಿಸಿದ್ದ 'ನಾಡಿನ ಗೋಡೆ' ಸಾಲದೆ ಹೋಗಿತ್ತು. ಹೊಸದರ ಹೆಸರು ಮುರಿಕ್-ತಿದ್ನಿಮ್, ಅಂದರೆ 'ತಿದ್ನುಂ ಜನರನ್ನು ದೂರವಿಡುವುದು'. ತಿದ್ನುಂ ಎಂದರೆ ಕುರಿ ಹೊಡೆದುಕೊಂಡು ಅಲೆಯುವ ಅಮೋರೈಟರದೊಂದು ಬಳಗ.

ಅಲ್ಲಿ ವರ್ಷಕ್ಕೆ ಅಂಕಿಯಿಲ್ಲ, ಸಾಧನೆಯ ಹೆಸರು. ಆಳ್ವಿಕೆಯ 4ನೇ ವರ್ಷ 'ಅಮೋರೈಟ್ ಗೋಡೆ ಕಟ್ಟಿದ ವರ್ಷ'. 5ನೆಯದು? 'ಗೋಡೆ ಕಟ್ಟಿದ ಮರುವರ್ಷ'. ಪುಜ್ರಿಶ್-ದಗಾನ್‌ನ ಸರ್ಕಾರಿ ಕುರಿ ಕಚೇರಿಯ ಗುಮಾಸ್ತರು ಜೇಡಿಮಣ್ಣಿನ ಚೀಟಿಗಳ ಕೊನೆಗೆ ತಾರೀಖೆಂದು ಕೊರೆದದ್ದು ಇದನ್ನೇ. ಅದೇ ಕಚೇರಿಯ ಲೆಕ್ಕದಲ್ಲಿ ಅಮೋರೈಟರೂ ಇದ್ದಾರೆ: ಕುರಿ ತಂದು ಒಪ್ಪಿಸಿದವರು, ಇನಾಮು ಪಡೆದವರು. ಅರಮನೆಯ ಕಾವಲಿಗೂ ಅವರೇ! ಹೊರಗಿಡಬೇಕಾದವರಿಗೆ ಒಳಗೆ ದಿನವೂ ಹಾಜರಿ.

ಗೋಡೆಯ ಉಸ್ತುವಾರಿ ಶರ್ರುಂ-ಬಾನಿ ಎಂಬ ಅಧಿಕಾರಿಯದು. ಶಾಲಾ ಹುಡುಗರ ನಕಲಿನಲ್ಲಿ ಉಳಿದುಬಂದ ಅವನ ಪತ್ರದ ಪ್ರಕಾರ ಉದ್ದ 26 ದನ್ನ, ಸುಮಾರು 280 ಕಿ.ಮೀ. ಎರಡು ಬೆಟ್ಟಸಾಲುಗಳ ನಡುವೆ ಕೆಲಸ ತಲುಪುವಷ್ಟರಲ್ಲಿ, ಬೆಟ್ಟದಲ್ಲಿ ಬೀಡುಬಿಟ್ಟಿದ್ದ ಅಮೋರೈಟರ ಕಣ್ಣು ಕಾಮಗಾರಿಯ ಮೇಲೆ ಬಿತ್ತು. ಅವರ ಬೆನ್ನಿಗೆ ಸಿಮುರ್ರುಂ ಎಂಬ ಬೆಟ್ಟದ ಸೀಮೆಯ ರಾಜ್ಯ ನಿಂತಿತು. ಗೋಡೆ ಕಟ್ಟಬೇಕಾದವನು ಕಾದಾಡಲು ಹೊರಟ. ಕೊನೆಗೆ ಎಲ್ಲ ಕಾಮಗಾರಿ ಪತ್ರಗಳಲ್ಲಿ ಇರುವ ಸಾಲು: ಇನ್ನಷ್ಟು ಆಳು ಕಳಿಸಿ.

ಮುಂದಿನ ದೊರೆ ಇಬ್ಬಿ-ಸಿನ್ ಕಾಲಕ್ಕೆ ಊರ್ ನಗರದಲ್ಲಿ ಬರಗಾಲ. ಇಶ್ಬಿ-ಎರ್ರಾ ಎಂಬ ಅಧಿಕಾರಿ 20 ತಲಾಂತು ಬೆಳ್ಳಿ ಹಿಡಿದು ಧಾನ್ಯ ಖರೀದಿಗೆ ಹೋದ. ತೂಕದಲ್ಲಿ ತಲಾಂತಿಗೆ 3,600 ಶೆಕೆಲ್; ಶೆಕೆಲ್ ಬೆಳ್ಳಿಗೆ ಒಂದು ಗುರ್ (ಧಾನ್ಯದ ಅಳತೆ) ಜವೆ. 72,000 ಗುರ್ ಆಯಿತು. ಲೆಕ್ಕದಲ್ಲಿ ಒಂದು ಕಾಳೂ ತಪ್ಪಿಲ್ಲ. ಆದರೆ 'ಅಮೋರೈಟರು ನುಗ್ಗಿದ್ದಾರೆ, ಧಾನ್ಯವನ್ನೆಲ್ಲ ಇಸಿನ್ ಪಟ್ಟಣಕ್ಕೆ ಸೇರಿಸಿದ್ದೇನೆ, ಸಾಗಿಸಲು ತಲಾ 120 ಗುರ್ ಹಿಡಿಸುವ 600 ದೋಣಿ ಕಳಿಸಿ' ಎಂದು ಬರೆದ. ಧಾನ್ಯ ಇಸಿನ್‌ನಲ್ಲಿ, ಹಸಿವು ಊರ್‌ನಲ್ಲಿ. ಕ್ರಿ.ಪೂ. 2017ರ ಸುಮಾರಿಗೆ ಇಶ್ಬಿ-ಎರ್ರಾ ಇಸಿನ್‌ನ ದೊರೆ! ಗೋಡೆ ನಿಂತಲ್ಲೇ ನಿಂತಿತ್ತು, ಪಾಪ. ಎದ್ದು ಹೊಲ ಮೇಯ್ದದ್ದು ಒಳಗಿನ ಬೇಲಿ.

ಕ್ರಿ.ಪೂ. 2004ರ ಸುಮಾರಿಗೆ ಊರ್ ನಗರವನ್ನು ಕೆಡವಿ ದೊರೆಯನ್ನು ಹಿಡಿದೊಯ್ದವರು ಪೂರ್ವದ ಎಲಾಮಿನವರು. ಅವರನ್ನು ದೂರವಿಡುವುದು ಗೋಡೆಯ ಕಾರ್ಯಾದೇಶದಲ್ಲಿ ಇರಲಿಲ್ಲ.

ಸುಮಾರು 400 ವರ್ಷದ ಮೇಲೆ ಬಾಬಿಲೋನಿನ ದೊರೆ ಅಮ್ಮಿಸದುಕ ಪಿತೃಗಳಿಗೆ ಎಡೆ ಇಡಿಸುವಾಗ ಓದಿಸಿದ ವಂಶಾವಳಿ ಸಿಕ್ಕಿದೆ. ಹಮ್ಮುರಾಬಿಯ ಆ ಮನೆತನದ ಪೂರ್ವಜರ ಸಾಲಿನಲ್ಲಿ ಒಂದು ಹೆಸರು: ದಿತಾನು. ಸುಮೇರಿಯನ್ ಗುಮಾಸ್ತರ ಬರಹದಲ್ಲಿ, ತಿದ್ನುಂ.