ಜತೆಗೆ ಬಂದವರ ಮಾತು, ಮೊದಲೇ ಬರೆದಿಟ್ಟ ಹಾಳೆ

ಆಂಬುಲೆನ್ಸ್ ಸೇವೆಗಳನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ಎಣಿಸುವುದು ಗಾಡಿಗಳನ್ನು ಮತ್ತು ನಿಮಿಷಗಳನ್ನು. ಎಷ್ಟು ಜನಕ್ಕೆ ಒಂದು ಗಾಡಿಯಿದೆ, ಕರೆ ಮಾಡಿದ ಎಷ್ಟು ಹೊತ್ತಿಗೆ ಅದು ಬಾಗಿಲಿಗೆ ಬಂತು ಎಂಬುದರಲ್ಲೇ ಚರ್ಚೆ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದು, ಕರ್ನಾಟಕದಲ್ಲಿರುವ ಬಂಧುಗಳ ಆಸ್ಪತ್ರೆಯ ಓಡಾಟದಲ್ಲೂ ಭಾಗಿಯಾಗುತ್ತ ಬಂದಿರುವ ನನಗೆ, ಕೆಲವು ರೋಗಿಗಳ ಮಟ್ಟಿಗೆ ಈ ಲೆಕ್ಕ ಏನೇನೂ ಸಾಲದು ಎನಿಸಿದೆ. ಬೆನ್ನುಹುರಿಗೆ ಪೆಟ್ಟಾದವರು, ಕುತ್ತಿಗೆಯ ರಂಧ್ರದ ಮೂಲಕ ಉಸಿರಾಡುವವರು, ಬೆನ್ನು ಬಾಗಿ ಬಿಗಿದುಕೊಂಡವರು, ಹುಟ್ಟಿನಿಂದಲೇ ಮೂಳೆ ಪೆಡಸಾಗಿರುವವರು, ತೂಕ ತುಂಬ ಹೆಚ್ಚಾಗಿರುವವರು, ಇಂಥವರ ಬಳಿಗೆ ಗಾಡಿ ಎಷ್ಟೇ ಬೇಗ ಬಂದರೂ, ಆ ದೇಹವನ್ನು ಎಲ್ಲಿ ಹಿಡಿದು ಎತ್ತಬೇಕು, ಹೇಗೆ ಮಲಗಿಸಬೇಕು ಎಂಬುದು ಬಂದವರಿಗೆ ತಿಳಿಯದಿದ್ದರೆ ಚಿಕಿತ್ಸೆಯೇ ಅಪಾಯವಾಗಬಹುದು. ಆ ತಿಳಿವಳಿಕೆ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಕಡತದಲ್ಲಿದೆ, ಕರ್ನಾಟಕದಲ್ಲಿ ಹೆಚ್ಚಾಗಿ ಮನೆಯವರ ಬಳಿ ಇದೆ. ಎರಡೂ ಕಡೆ ಅದು ವೈದ್ಯರನ್ನು ಮುಟ್ಟುವ ಮೊದಲೇ ನಿಂತುಹೋಗುತ್ತಿದೆ ಎಂಬುದು ನನ್ನ ಅನಿಸಿಕೆ.

ಬೆನ್ನುಹುರಿಯ ಪೆಟ್ಟನ್ನೇ ತೆಗೆದುಕೊಳ್ಳೋಣ. ಎದೆಯ ಮಟ್ಟದ ಆರನೆಯ ಕಶೇರುಖಂಡದ ಬಳಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಹಾನಿಗೊಂಡವರಲ್ಲಿ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತುರ್ತುಸ್ಥಿತಿ ತಲೆದೋರಬಹುದು. ಮೂತ್ರದ ಪೈಪು ಮಡಚಿಕೊಂಡು ಮೂತ್ರಕೋಶ ತುಂಬಿದರೆ, ಮಲ ಕಟ್ಟಿಕೊಂಡರೆ, ಕೆಲವೊಮ್ಮೆ ಬಟ್ಟೆ ಬಿಗಿಯಾಗಿದ್ದರೂ ಸಾಕು, ರಕ್ತದೊತ್ತಡ ಏಕಾಏಕಿ ಏರುತ್ತದೆ. ತಲೆ ಸಿಡಿದುಹೋಗುವಂತೆ ನೋಯುತ್ತದೆ, ಪೆಟ್ಟಾದ ಮಟ್ಟಕ್ಕಿಂತ ಮೇಲಿನ ಮೈ ಕೆಂಪಾಗಿ ಬೆವರುತ್ತದೆ, ತಡವಾದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರುತ್ತದೆ. ಇದನ್ನು ಗುರುತಿಸಲು ಎರಡು ತೊಡಕುಗಳಿವೆ. ಇಂಥವರ ರಕ್ತದೊತ್ತಡದ ಮೇಲಿನ ಅಂಕಿ ನಿತ್ಯವೂ 90ರಿಂದ 110ರ ಆಸುಪಾಸಿನಲ್ಲಿ ಇರುವುದು ಸಾಮಾನ್ಯವಾದ್ದರಿಂದ, ಅದು 140 ಎಂದು ತೋರಿದಾಗ ಬೇರೆಯವರ ಲೆಕ್ಕದಲ್ಲಿ ಗಾಬರಿಪಡುವಂಥದ್ದೇನೂ ಕಾಣುವುದಿಲ್ಲ. ಆದರೆ ಅವರ ಎಂದಿನ ಮಟ್ಟಕ್ಕಿಂತ 20ರಿಂದ 40ರಷ್ಟು ಏರಿಕೆಯಾಗಿದ್ದರೆ ಅದೇ ಎಚ್ಚರಿಕೆಯ ಗಂಟೆ. ಇನ್ನೊಂದು ತೊಡಕು, ರೋಗಿಯನ್ನು ಕಂಡೊಡನೆ ಸ್ಟ್ರೆಚರ್ ಮೇಲೆ ಅಂಗಾತ ಮಲಗಿಸುವ ರೂಢಿ. ಮಲಗಿಸಿದರೆ ಒತ್ತಡ ಇನ್ನಷ್ಟು ಏರುತ್ತದೆ. ಮೊದಲು ಮಾಡಬೇಕಾದದ್ದು ಅವರನ್ನು ಎಬ್ಬಿಸಿ ಕೂರಿಸುವುದು, ಸಾಧ್ಯವಾದರೆ ಕಾಲುಗಳನ್ನು ಇಳಿಬಿಡುವುದು, ಬಟ್ಟೆಗಳನ್ನು ಸಡಿಲಿಸಿ ಮೂತ್ರದ ಪೈಪನ್ನು ನೋಡುವುದು. ಪೈಪಿನ ಮಡಿಕೆ ಬಿಡಿಸಿದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಇಳಿಯುವುದುಂಟು.

ಊರಿನಲ್ಲಿ ನನ್ನ ಸೋದರಮಾವನಿಗೆ ಹೀಗಾದಾಗ ಅವರನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಆದದ್ದು ಇದೇ. ಅತ್ತೆ, "ಅವರನ್ನ ಕೂರಿಸಿ, ಪೈಪ್ ನೋಡಿ" ಎಂದು ಹೇಳುತ್ತಲೇ ಇದ್ದರು. ಉತ್ತರವಾಗಿ ಬಂದದ್ದು "ನೀವು ಹೊರಗಿರಿ ಅಮ್ಮ" ಎಂಬ ಮಾತು. ವರ್ಷಗಟ್ಟಲೆ ಹಗಲಿರುಳು ಆ ದೇಹವನ್ನು ನೋಡಿಕೊಂಡು, ಅದರ ಪ್ರತಿಯೊಂದು ಸೂಚನೆಯನ್ನೂ ಬಲ್ಲ ಹೆಂಗಸನ್ನು ಬಾಗಿಲಾಚೆ ನಿಲ್ಲಿಸಿದ್ದರಿಂದ ಚಿಕಿತ್ಸೆಗೆ ಬೇಕಾದ ಅತಿ ಮುಖ್ಯವಾದ ಮಾಹಿತಿಯೇ ಹೊರಗುಳಿಯಿತು. ಆ ದಿನ ಕೊನೆಗೆ ಒಬ್ಬ ನರ್ಸ್ ಕಿವಿಗೊಟ್ಟು ಪೈಪನ್ನು ಬದಲಿಸಿದ್ದರಿಂದ ಮಾವ ಉಳಿದರು. ಇದು ಒಬ್ಬ ವೈದ್ಯರ ಅಥವಾ ಒಂದು ಊರಿನ ಕೊರತೆಯಲ್ಲ. ಇಂಗ್ಲೆಂಡಿನಲ್ಲಿಯೂ ಈ ಸ್ಥಿತಿ ಕಡೆಗಣನೆಗೆ ಗುರಿಯಾಗುತ್ತಿದ್ದುದರಿಂದಲೇ ಅಲ್ಲಿನ ಆರೋಗ್ಯ ಸೇವೆ 2018ರ ಜುಲೈನಲ್ಲಿ, ಇಂಥವರ ಮಲವಿಸರ್ಜನೆಯ ಆರೈಕೆಯ ಬಗ್ಗೆ ಎಲ್ಲ ಆಸ್ಪತ್ರೆಗಳಿಗೂ ಸುರಕ್ಷತೆಯ ಎಚ್ಚರಿಕೆಯನ್ನು ಕಳುಹಿಸಬೇಕಾಯಿತು.

ಉಳಿದ ಸ್ಥಿತಿಗಳಲ್ಲೂ ಇಂಥದೇ ಸೂಕ್ಷ್ಮಗಳಿವೆ. ಬೆನ್ನೆಲುಬಿನ ಕೀಲುಗಳು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಕುತ್ತಿಗೆ ಮುಂದಕ್ಕೆ ಬಾಗಿ ಗಟ್ಟಿಯಾದವರು ಬಿದ್ದಾಗ, ನಿಯಮದಂತೆ ಕುತ್ತಿಗೆಯನ್ನು ನೇರಮಾಡಿ ಕಾಲರ್ ತೊಡಿಸಹೋದರೆ ಬೆನ್ನುಹುರಿಗೇ ಹಾನಿಯಾಗಬಹುದು. ಅವರ ಕುತ್ತಿಗೆ ಎಂದಿನಂತೆ ಹೇಗಿತ್ತೋ ಹಾಗೆಯೇ ದಿಂಬು, ಬಟ್ಟೆಗಳ ಆಸರೆ ಕೊಟ್ಟು ಸಾಗಿಸಬೇಕು. ಮೂಳೆ ಪೆಡಸಾಗಿರುವ ಮಗುವಿಗೆ ರಕ್ತದೊತ್ತಡದ ಪಟ್ಟಿ ಬಿಗಿದರೂ ಕೈಮೂಳೆ ಮುರಿಯುವ ಸಂಭವವಿದೆ. ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದವರಿಗೆ ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿ ಪ್ರಯೋಜನವಿಲ್ಲ, ಕುತ್ತಿಗೆಯ ರಂಧ್ರಕ್ಕೇ ಕೊಡಬೇಕು. ಆದರೆ ಟ್ರೇಕಿಯಾಸ್ಟಮಿ, ಅಂದರೆ ಉಸಿರಾಟಕ್ಕಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡುವ ಶಸ್ತ್ರಚಿಕಿತ್ಸೆ, ಮಾತ್ರ ಆಗಿದ್ದು ಮೇಲಿನ ಉಸಿರುದಾರಿ ತೆರೆದಿದ್ದರೆ ಎರಡೂ ಕಡೆ ಕೊಡಬೇಕು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮೊದಲನೆಯವರ ಹಾಸಿಗೆಯ ತಲೆದೆಸೆಯಲ್ಲಿ ಕೆಂಪು ಫಲಕವನ್ನೂ ಎರಡನೆಯವರಿಗೆ ಹಸಿರು ಫಲಕವನ್ನೂ ತೂಗುಹಾಕುವ ಪದ್ಧತಿಯಿದೆ. ಖರ್ಚೇ ಇಲ್ಲದ ಈ ಕ್ರಮವನ್ನು ಯಾವ ಆಸ್ಪತ್ರೆಯೂ ಕೂಡಲೇ ಅಳವಡಿಸಿಕೊಳ್ಳಬಹುದು.

ಇಂಗ್ಲೆಂಡಿನ ಪದ್ಧತಿಯಲ್ಲಿ ನಾನು ಮೆಚ್ಚುವುದು ಈ ಬಗೆಯ ಮುಂಚಿನ ಸಿದ್ಧತೆಯನ್ನು. ಮನೆಯಲ್ಲಿ ವೆಂಟಿಲೇಟರ್ ಬಳಸುವವರ, ತೂಕ ತುಂಬ ಹೆಚ್ಚಿರುವವರ ವಿವರಗಳನ್ನು ಆಂಬುಲೆನ್ಸ್ ಸೇವೆಯಲ್ಲಿ ವಿಳಾಸದೊಂದಿಗೆ ಮೊದಲೇ ಗುರುತಿಸಿಡಬಹುದು. ಅಲ್ಲಿನ ತುರ್ತು ಸಂಖ್ಯೆಯಾದ 999ಕ್ಕೆ ಕರೆ ಹೋದೊಡನೆ ಆ ಟಿಪ್ಪಣಿ ಕಣ್ಣಿಗೆ ಬಿದ್ದು, ಅಗಲವಾದ ಸ್ಟ್ರೆಚರ್, ಗಾಡಿಗೆ ಹತ್ತಿಸುವ ಲಿಫ್ಟ್, ನೆಲಕ್ಕೆ ಬಿದ್ದವರ ಅಡಿಯಲ್ಲಿಟ್ಟು ಗಾಳಿ ತುಂಬಿ ಮೇಲೆತ್ತುವ ದಿಂಬು ಇರುವ ತಂಡವನ್ನು ಕಳುಹಿಸಲು ಆಗುತ್ತದೆ. ಅಂಗವಿಕಲರ ಅಗತ್ಯಕ್ಕೆ ತಕ್ಕಂತೆ ಸೇವೆಯನ್ನು ಹೊಂದಿಸಿಕೊಳ್ಳುವುದು 2010ರ ಸಮಾನತೆಯ ಕಾಯ್ದೆಯಂತೆ ಸೇವೆ ಕೊಡುವವರ ಕರ್ತವ್ಯ. ಆದರೆ ಆ ಗುರುತು ವಿಳಾಸಕ್ಕೆ ಅಂಟಿಕೊಂಡಿರುವುದರಿಂದ, ಮನುಷ್ಯ ದಾರಿಯಲ್ಲೋ ಮಗಳ ಮನೆಯಲ್ಲೋ ಕುಸಿದರೆ ಅದು ನೆರವಿಗೆ ಬರುವುದಿಲ್ಲ. ವಿಶೇಷ ಗಾಡಿಗಳು ಕಡಿಮೆಯಿರುವುದರಿಂದ ಕಾಯುವಿಕೆಯೂ ದೀರ್ಘವಾಗುತ್ತದೆ. ಗಂಭೀರವಾದ, ಎರಡನೆಯ ದರ್ಜೆಯ ಕರೆಗಳಿಗೆ ಸರಾಸರಿ 18 ನಿಮಿಷಗಳಲ್ಲಿ ತಲುಪಬೇಕೆಂಬ ಗುರಿಯಿದ್ದರೂ 2022ರ ಡಿಸೆಂಬರ್‌ನಲ್ಲಿ ಆ ಸರಾಸರಿ ಒಂದೂವರೆ ಗಂಟೆಯನ್ನು ದಾಟಿತ್ತು. ಅಷ್ಟು ಹೊತ್ತು ಗಟ್ಟಿ ನೆಲದ ಮೇಲೆ ಬಿದ್ದಿರುವ, ಸೊಂಟದ ಕೆಳಗೆ ಸ್ಪರ್ಶವಿಲ್ಲದ ವ್ಯಕ್ತಿಗೆ ಒತ್ತಡದ ಹುಣ್ಣು ಹುಟ್ಟಿಕೊಳ್ಳಬಹುದು; ಅದು ಮಾಯಲು ತಿಂಗಳುಗಳೇ ಬೇಕಾಗುತ್ತವೆ.

ಕರ್ನಾಟಕದ ಚಿತ್ರ ಬೇರೆ. 2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 108 ಸೇವೆ ಆರಂಭವಾದಂದಿನಿಂದ ಹಳ್ಳಿಗಳಿಗೂ ಉಚಿತವಾಗಿ ಗಾಡಿ ಬರುವಂತಾದದ್ದು ದೊಡ್ಡ ಸಾಧನೆ, ಅದನ್ನು ಹಗುರವಾಗಿ ಕಾಣುವ ಹೊರನಾಡಿಗರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ರೋಗಿಯೊಡನೆ ಯಾರಾದರೂ ಇದ್ದೇ ಇರುತ್ತಾರೆ. ಇಂಗ್ಲೆಂಡಿನಲ್ಲಿ ಒಂಟಿಯಾಗಿ ಬದುಕುವ ಎಷ್ಟೋ ಅಂಗವಿಕಲರಿಗೆ ಇಲ್ಲದ ಬಲ ಇದು. ಗಾಡಿ ಬರುವುದರೊಳಗೆ ನೆರೆಹೊರೆಯವರು ಕೂಡಿ ರೋಗಿಯನ್ನು ಎತ್ತಿ ಹೊರತಂದಿರುತ್ತಾರೆ. ಆದರೆ ಕಂಕುಳಿಗೆ ಕೈಹಾಕಿ, ಕಾಲು ಹಿಡಿದು ಎತ್ತುವ ರೀತಿ ಪಾರ್ಶ್ವವಾಯುವಿನಿಂದ ಸಡಿಲಗೊಂಡ ಭುಜದ ಕೀಲನ್ನು ಜಾರಿಸಬಲ್ಲದು. ದಪ್ಪ ಬೆಡ್‌ಶೀಟಿನ ಅಂಚುಗಳನ್ನು ಸುತ್ತಿ ಹಿಡಿದು ನಾಲ್ಕೈದು ಮಂದಿ ಒಟ್ಟಿಗೆ ಎತ್ತುವುದು ಅದಕ್ಕಿಂತ ಎಷ್ಟೋ ಮೇಲು. ಇದನ್ನು ಆಶಾ ಕಾರ್ಯಕರ್ತೆಯರು ಮನೆಯವರಿಗೆ ಒಂದೇ ಭೇಟಿಯಲ್ಲಿ ಮಾಡಿ ತೋರಿಸಬಹುದು.

ಕಾನೂನಿನ ಬೆಂಬಲ ನಮ್ಮಲ್ಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೆಯ ಕಲಮು ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ಎಲ್ಲ ಭಾಗಗಳಲ್ಲೂ ಅಡೆತಡೆಯಿಲ್ಲದ ಪ್ರವೇಶವನ್ನೂ ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ಹೇಳುತ್ತದೆ. ಆಂಬುಲೆನ್ಸ್‌ಗಳಿಗೆ ಎ.ಐ.ಎಸ್. 125 ಎಂಬ ರಾಷ್ಟ್ರೀಯ ಮಾನದಂಡವಿದ್ದು, ಅದು ಗಾಡಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಇವೆಲ್ಲ ಇದ್ದೂ ರೋಗಿಯ ಕಿಸೆಯಲ್ಲಿರುವ, ಅಂಗವಿಕಲರಿಗೆ ಸರ್ಕಾರ ಕೊಡುವ ಯು.ಡಿ.ಐ.ಡಿ. ಗುರುತಿನ ಕಾರ್ಡ್ ತುರ್ತಿನ ಹೊತ್ತಿನಲ್ಲಿ ಮೂಕವಾಗಿದೆ. ಅದರಲ್ಲಿ ಅಂಗವೈಕಲ್ಯದ ಬಗೆ ಇದೆ, ಶೇಕಡಾವಾರು ಇದೆ; ಇವರನ್ನು ಅಂಗಾತ ಮಲಗಿಸಬೇಡಿ, ಇವರ ಎಂದಿನ ರಕ್ತದೊತ್ತಡ ಇಷ್ಟು ಎಂಬ ಮಾತು ಇಲ್ಲ. ಸವಲತ್ತು ಕೊಡಲು ಬೇಕಾದ ವಿವರವೇ ಬೇರೆ, ಜೀವ ಉಳಿಸಲು ಬೇಕಾದ ವಿವರವೇ ಬೇರೆ ಎಂಬುದನ್ನು ಆ ಕಾರ್ಡ್ ರೂಪಿಸಿದವರು ಗಮನಿಸಬೇಕಿತ್ತು.

ಇಂಗ್ಲೆಂಡಿನ ಬರವಣಿಗೆಯ ಶಿಸ್ತು ನಮ್ಮ ಮನೆಯವರ ಹಾಜರಿಯೊಡನೆ ಕೂಡಬೇಕು. ಇದಕ್ಕೆ ದುಬಾರಿ ಗಾಡಿಗಳಿಗಾಗಿ ಕಾಯಬೇಕಿಲ್ಲ. ಬಿಡುಗಡೆಯ ದಿನ ಆಸ್ಪತ್ರೆಯವರು ಕೊಡುವ ಡಿಸ್‌ಚಾರ್ಜ್ ಸಾರಾಂಶದ ಜತೆಗೆ, ದೊಡ್ಡ ಅಕ್ಷರಗಳ ಒಂದೇ ಪುಟದ ಹಾಳೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸಿ, ವೈದ್ಯರು ಸಹಿ ಹಾಕಿ ಕೊಡಲಿ. ಉಸಿರು ಎಲ್ಲಿಂದ, ಮಲಗಿಸುವ ಭಂಗಿ ಯಾವುದು, ಎಂದಿನ ರಕ್ತದೊತ್ತಡ ಎಷ್ಟು, ಎಲ್ಲಿ ಮುಟ್ಟಬಾರದು, ಯಾವ ಔಷಧಿ ಅಥವಾ ಲೇಟೆಕ್ಸ್ ಕೈಗವಸು ಒಗ್ಗುವುದಿಲ್ಲ, ಯಾವ ಯಂತ್ರದ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬಷ್ಟು ಅದರಲ್ಲಿದ್ದರೆ ಸಾಕು. 108ರಲ್ಲಿ ಕರೆ ತೆಗೆದುಕೊಳ್ಳುವವರು ಉಸಿರಾಟ, ಪ್ರಜ್ಞೆಗಳ ಬಗ್ಗೆ ಕೇಳಿದ ಮೇಲೆ, ರೋಗಿಯನ್ನು ಎತ್ತುವುದರಲ್ಲಿ ಅಥವಾ ಮಲಗಿಸುವುದರಲ್ಲಿ ವಿಶೇಷ ಎಚ್ಚರ ಬೇಕೇ ಎಂಬ ಒಂದು ಪ್ರಶ್ನೆಯನ್ನು ಕೇಳಿ ಗಾಡಿಯವರಿಗೆ ತಿಳಿಸಲಿ. ಆರೈಕೆ ಮಾಡುವವರು ರೋಗಿಯ ಪಕ್ಕದಲ್ಲೇ ಕುಳಿತು ಬರಲಿ, ಕ್ಯಾಶುಯಲ್ಟಿಯಲ್ಲಿ ಅವರ ಹೇಳಿಕೆ ಕೇಸ್ ಶೀಟಿನ ಮೊದಲ ಸಾಲುಗಳಲ್ಲಿ ದಾಖಲಾಗಲಿ.

ಗಾಲಿಕುರ್ಚಿಯ ವಿಷಯವನ್ನು ಎರಡೂ ನಾಡುಗಳು ಇನ್ನೂ ಸರಿಯಾಗಿ ಎತ್ತಿಕೊಂಡಿಲ್ಲ. ಬ್ಯಾಟರಿಯ ಕುರ್ಚಿ ಹಲವು ಬಾರಿ ನೂರು ಕಿಲೋಗೂ ಮೀರಿ ತೂಗುವುದರಿಂದ ತುರ್ತು ಗಾಡಿಯಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವಿರುವುದಿಲ್ಲ. ಚಿಕಿತ್ಸೆ ಮುಗಿದು ರಾತ್ರಿಯೇ ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದರೂ, ಕುರ್ಚಿಯಿಲ್ಲದೆ ಬಂದವರು ಸ್ಟ್ರೆಚರ್ ಮೇಲೆಯೇ ಉಳಿಯುತ್ತಾರೆ. ಅವರ ಮೈಗೆ ಒಪ್ಪುವಂತೆ ಅಳತೆ ಕೊಟ್ಟು ಮಾಡಿಸಿದ ಆಸನದ ಬದಲು ಆಸ್ಪತ್ರೆಯ ಸಾಧಾರಣ ಕುರ್ಚಿ ಕೆಲಸಕ್ಕೆ ಬರುವುದಿಲ್ಲ. ರೋಗಿ ಹೊರಟ ಮೇಲೆ ಕುರ್ಚಿಯನ್ನು ಇನ್ನೊಂದು ವಾಹನದಲ್ಲಿ ಆಸ್ಪತ್ರೆಗೆ ತಲುಪಿಸುವ ಹೊಣೆ ಯಾರದೆಂಬುದನ್ನು ಆಂಬುಲೆನ್ಸ್ ಸೇವೆಯ ಕಾರ್ಯವಿಧಾನದಲ್ಲೇ ಬರೆದಿಡಬೇಕು.