ಪೋಸ್ಟರ್ ಹಾಕುವ ಮೊದಲು ಅಕ್ಷಯಕ್ಕೆ ಹೋಗಿ

ನಿನ್ನೆ ರಾತ್ರಿ ವಾಟ್ಸಾಪಿಗೆ ಚಿಕಿತ್ಸೆಗೆ ದುಡ್ಡು ಕೇಳುವ ಇನ್ನೊಂದು ಪೋಸ್ಟರ್ ಬಂತು. ಆಸ್ಪತ್ರೆ ಹಾಸಿಗೆ, ಮೂಗಿಗೆ ನಳಿಗೆ, ಕೆಳಗೆ ಕ್ಯೂಆರ್ ಕೋಡ್. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಗ್ರೂಪುಗಳಲ್ಲಿ ಇಂಥದ್ದು ಹೊಸತಲ್ಲ. ನಾನೂ ಕೈಲಾದಷ್ಟು ಹಾಕುತ್ತೇನೆ. ಆದರೆ ಪ್ರತಿ ಸಲ ಒಂದು ಪ್ರಶ್ನೆ ನಾಲಗೆ ತುದಿಗೆ ಬಂದು ನಿಲ್ಲುತ್ತದೆ. ಇವರು ಅಕ್ಷಯ ಕೇಂದ್ರಕ್ಕೆ, ಅಂದರೆ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರಕ್ಕೆ ಹೋಗಿ, ಸರಕಾರದ ಚಿಕಿತ್ಸಾ ಯೋಜನೆಯಲ್ಲಿ ತಮ್ಮ ಹೆಸರು ಉಂಟಾ ಅಂತ ನೋಡಿದ್ದಾರಾ?

ಮೂರು ವರ್ಷದ ಹಿಂದೆ ಮಾವನಿಗೆ ಎದೆನೋವು ಬಂದಾಗ ನಾವು ನೋಡಿರಲಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದಾರೆ, ಆದರೂ ದೊಡ್ಡ ಕಾಯಿಲೆ ಅಂದರೆ ನಮ್ಮ ಕಾರು ಕರ್ನಾಟಕದ ಗಡಿ ತಲಪಾಡಿ ದಾಟುತ್ತದೆ. ಮಂಗಳೂರಿನ ಒಂದು ಆಸ್ಪತ್ರೆ. ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು, "ಇನ್ಶೂರೆನ್ಸ್ ಉಂಟಾ?" ಅತ್ತೆ ತಟ್ಟನೆ "ಇಲ್ಲ" ಅಂದರು. ಇನ್ಶೂರೆನ್ಸ್ ಅಂದರೆ ವರ್ಷ ವರ್ಷ ದುಡ್ಡು ಕಟ್ಟುವಂಥದ್ದು, ಅದು ನೌಕರಿಯವರಿಗೆ ಅಂತ ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು, ಬಿಡಿ. ಆ ಒಂದು "ಇಲ್ಲ"ಕ್ಕೆ ಅತ್ತೆಯ ನಾಲ್ಕು ಬಳೆ ಸೊಸೈಟಿಯಲ್ಲಿ ಅಡವು ಸೇರಿತು.

ಡಿಸ್ಚಾರ್ಜ್ ಆಗಿ ತಿಂಗಳ ಮೇಲೆ ಗೊತ್ತಾಯಿತು, ಮನೆಯವರ ಹೆಸರು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಇತ್ತು. ಕೇಂದ್ರದ ಆಯುಷ್ಮಾನ್ ಭಾರತ್ ಸೇರಿಸಿಕೊಂಡು ಕೇರಳ ನಡೆಸುವ ಯೋಜನೆ ಅದು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಉಚಿತ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವಾಗಲೇ ಕಾರ್ಡು ತೋರಿಸಬೇಕು. ನಾವು ಹೋದ ಆಸ್ಪತ್ರೆ ಪಟ್ಟಿಯಲ್ಲಿತ್ತಾ ಅಂತ ಕೇಳುವಷ್ಟೂ ಬುದ್ಧಿ ಇರಲಿಲ್ಲ. ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಹಿಡಿದು ಓಡಾಡಿದರೆ ಏನೂ ಸಿಗುವುದಿಲ್ಲ. ನಾನು ಓಡಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಬಡವರಿಗೆ ಕೊಡುವ ಗುಲಾಬಿ ರೇಶನ್ ಕಾರ್ಡು ಇದ್ದವರೆಲ್ಲ ಅದರಲ್ಲಿ ಇರುತ್ತಾರೆ ಅಂತಲೂ ಇಲ್ಲ. ಆಧಾರ್, ರೇಶನ್ ಕಾರ್ಡ್ ಹಿಡಿದು ಅಕ್ಷಯಕ್ಕೆ ಹೋಗಿ ನೋಡಿಸಿ, ಕಾಯಿಲೆ ಬರುವ ಮೊದಲೇ. ಅದರಲ್ಲಿ ಇಲ್ಲದವರಿಗೆ ಕಾರುಣ್ಯ ಬೆನವೊಲೆಂಟ್ ಫಂಡ್ ಇದೆ. ವರ್ಷದ ವರಮಾನ 3 ಲಕ್ಷದೊಳಗಿರಬೇಕು. 2 ಲಕ್ಷದವರೆಗೆ ಕೊಡುತ್ತಾರೆ, ಕಿಡ್ನಿ ಕಾಯಿಲೆಗೆ 3 ಲಕ್ಷ. ನಮ್ಮವರು ಕೊಳ್ಳುವ ಕಾರುಣ್ಯ ಲಾಟರಿಯ ದುಡ್ಡಿನಿಂದಲೇ ಶುರುವಾದ ನಿಧಿ ಅದು. ಲಾಟರಿ ಹೊಡೆಯಲಿಲ್ಲ ಅಂತ ಬೈಯುವ ಮಾವನಿಗೆ ಇದನ್ನು ಹೇಳಿದರೆ ನಗುವುದೋ ಅಳುವುದೋ ಅಂದರು. 70 ದಾಟಿದವರಿಗಂತೂ 2024ರಿಂದ ವರಮಾನ ನೋಡದೆ ಆಯುಷ್ಮಾನ್ ಕಾರ್ಡು ಕೊಡಬೇಕೆಂದು ಕೇಂದ್ರ ತೀರ್ಮಾನಿಸಿದೆ. ಮುಖ್ಯಮಂತ್ರಿಯ ಪರಿಹಾರ ನಿಧಿಗೂ ಅಕ್ಷಯದಿಂದಲೇ ಅರ್ಜಿ ಹಾಕಬಹುದು.

ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಬೀಡಿ ಕಾರ್ಡಿನ ವಿಷಯಕ್ಕೆ. ಅತ್ತೆ ಮೂವತ್ತು ವರ್ಷ ಬೀಡಿ ಕಟ್ಟಿದವರು. ಬೀಡಿ ಕಾರ್ಮಿಕರಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಕಲ್ಯಾಣ ಯೋಜನೆ ಇದೆ. ಹೃದಯ, ಕಿಡ್ನಿ, ಕ್ಯಾನ್ಸರ್ ಚಿಕಿತ್ಸೆಗೆ ಅದರಿಂದ ಸಹಾಯ ಸಿಗುತ್ತದೆ, ಕಾರ್ಮಿಕರನ್ನೇ ನಂಬಿರುವ ಮನೆಯವರಿಗೂ ಸೇರಿ. ಗುರುತಿನ ಚೀಟಿ ಎಲ್ಲಿತ್ತು ಗೊತ್ತಾ? ಟ್ರಂಕಿನಡಿಯಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ. ಜೋಪಾನವಾಗಿ ಇಟ್ಟಿದ್ದರು, ಪಾಪ. ಯಾಕೆ ಇಟ್ಟದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳುವವರು ಯಾಕಿಲ್ಲ? ಇಲ್ಲಿ ನನಗೆ ಗಡಿಯ ಮೇಲೆ ಸಿಟ್ಟು ಬರುತ್ತದೆ. ಚಿಕಿತ್ಸೆ ಮಂಗಳೂರಿನಲ್ಲಿ, ದುಡ್ಡು ಕೊಡುವುದು ತಿರುವನಂತಪುರ. ಕರ್ನಾಟಕದ ಯೋಜನೆ ಆ ರಾಜ್ಯದ ರೇಶನ್ ಕಾರ್ಡು ಕೇಳುತ್ತದೆ, ಕನ್ನಡ ಮಾತಾಡಿದರೆ ಸಾಲದು. ಕೇರಳದ ಯೋಜನೆಯ ನೋಟಿಸು ಮಲಯಾಳದಲ್ಲಿ ಬರುತ್ತದೆ, ಅತ್ತೆಗೆ ಓದಲು ಬರುವುದು ಕನ್ನಡ ಮಾತ್ರ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದಾಗ ಎಲ್ಲರಿಗೂ ನಮ್ಮ ಕಷ್ಟ ಕಂಡಿತು. ಈ ಕಾಗದದ ಗಡಿಗೆ ಯಾವ ಟಿವಿಯೂ ಬರುವುದಿಲ್ಲ. ಅಂದ ಹಾಗೆ, ಇಲ್ಲಿನ ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗಿದೆ. ಭಾಷೆ ಬರುವುದಿಲ್ಲ ಅಂತ ಹಿಂದೆ ಬರಬೇಡಿ.

ಊರವರ ಸಹಾಯ ಬೇಡ ಅನ್ನುತ್ತಿಲ್ಲ. ಬಸ್ಸಿನವರು ಕಾರುಣ್ಯ ಯಾತ್ರೆ ಮಾಡಿ ಒಂದು ದಿನದ ಕಲೆಕ್ಷನ್ ಪೂರ್ತಿ ಕೊಡುವುದನ್ನು ನೋಡಿ ಕಣ್ಣು ತುಂಬಿದೆ. ಸಹಾಯಾರ್ಥ ಯಕ್ಷಗಾನಕ್ಕೆ ನಾನೇ ಕುರ್ಚಿ ಹೊತ್ತಿದ್ದೇನೆ. ಆದರೆ ಆ ದುಡ್ಡು ಯೋಜನೆ ಮುಟ್ಟದ ಖರ್ಚಿಗೆ ಉಳಿಯಲಿ ಅಲ್ವಾ? ಓಡಾಟ, ಜೊತೆಗೆ ನಿಂತವರ ಊಟ, ತಪ್ಪಿದ ಕೂಲಿ, ತಿಂಗಳು ತಿಂಗಳ ಮಾತ್ರೆ. ಚಿಕಿತ್ಸಾ ಸಹಾಯ ಸಮಿತಿ ಮಾಡುವವರಿಗೆ ನನ್ನದೊಂದೇ ಕೋರಿಕೆ. ಬ್ಯಾಂಕ್ ಖಾತೆ ತೆರೆಯುವ ದಿನವೇ ಒಬ್ಬರನ್ನು ಅಕ್ಷಯಕ್ಕೆ, ಒಬ್ಬರನ್ನು ವರಮಾನದ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ಕಳಿಸಿ.

ನಿನ್ನೆಯ ಪೋಸ್ಟರಿನ ನಂಬರಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಮಗ ಎತ್ತಿದ. ಅಕ್ಷಯದ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಬೀಡಿ ಕಟ್ತಿದ್ರು" ಅಂದ.