ಎರಡನೇ ದನಿಗೆ ಜಾಗ ಇಟ್ಟ ಹಾಡು

ಇಂಗ್ಲೆಂಡಿನ ಸಸೆಕ್ಸ್ ಕರಾವಳಿಯಲ್ಲಿ, ಬ್ರೈಟನ್ನಿನ ಮಗ್ಗುಲಲ್ಲೇ ರಾಟಿಂಗ್‌ಡೀನ್ ಎಂಬ ಹಳ್ಳಿ ಇದೆ. ಅಲ್ಲಿನ ಕಾಪರ್ ಮನೆತನದವರ ಹಾಡನ್ನು ಮೊದಲ ಸಲ ಕೇಳಿದವರಿಗೆ ಸ್ವಲ್ಪ ಬರಡು ಅನ್ನಿಸಬಹುದು. ವಾದ್ಯ ಇಲ್ಲ, ತಾಳ ಹಾಕುವವರಿಲ್ಲ, ಶ್ರುತಿಪೆಟ್ಟಿಗೆ ಇಲ್ಲ. ದನಿ ಏರಿಸಿ ಇಳಿಸಿ ಭಾವ ತುಂಬುವ ಪ್ರಯತ್ನವೂ ಇಲ್ಲ. ಒಬ್ಬರು ಎರಡು ಮೂರು ಪದ ಎತ್ತಿಕೊಡುತ್ತಾರೆ, ಉಳಿದವರು ಸೇರುತ್ತಾರೆ. ಅಲ್ಲಿಂದ ಎರಡು ದನಿಗಳು ಒಮ್ಮೆ ಬೇರೆಯಾಗುತ್ತಾ ಒಮ್ಮೆ ಒಂದಾಗುತ್ತಾ ನಿಧಾನಕ್ಕೆ ನಡೆಯುತ್ತವೆ, ಸಾಲಿನ ಕೊನೆಗೆ ಒಂದೇ ಸ್ವರದ ಮೇಲೆ ಬಂದು ನಿಲ್ಲುತ್ತವೆ. ಮೂರ್ನಾಲ್ಕು ಹಾಡು ಕೇಳುವಷ್ಟರಲ್ಲಿ ಆ ಕೂಡುವ ಜಾಗಕ್ಕಾಗಿಯೇ ಕಿವಿ ಕಾಯತೊಡಗುತ್ತದೆ.

ನೂರಾರು ಮನೆಗಳಲ್ಲಿ ಇಂಥ ಹಾಡುಗಳಿದ್ದವು. ಹೆಚ್ಚಿನ ಕಡೆ ಅಜ್ಜನ ಜೊತೆಗೇ ಮುಗಿದವು. ಕೆಲವು ಮನೆಗಳಲ್ಲಿ ಮಾತ್ರ ಮರಿಮಕ್ಕಳ ಬಾಯಿಗೂ ಬಂದವು. ಪರಂಪರೆಯ ಮೇಲಿನ ಪ್ರೀತಿ, ಹಳ್ಳಿಯ ಮುಗ್ಧತೆ ಎಂಬ ವಿವರಣೆಗಳು ನನಗೆ ಸಾಲುವುದಿಲ್ಲ. ಪ್ರೀತಿ ಎಲ್ಲ ಮನೆಗಳಲ್ಲೂ ಇತ್ತು. ನನ್ನ ಪ್ರಕಾರ ಉತ್ತರ ಹಾಡಿನ ಕಟ್ಟಡದಲ್ಲೇ ಇದೆ. ಒಬ್ಬರೇ ಹಾಡಿದರೆ ಅರ್ಧವಾಗುವ ಹಾಡು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುತ್ತದೆ. ಆ ಇನ್ನೊಬ್ಬರು ಸಾಮಾನ್ಯವಾಗಿ ಮನೆಯ ಮಗುವೇ ಆಗಿರುತ್ತದೆ.

ಕಾಪರ್ ಮನೆಯ ಲೆಕ್ಕವನ್ನೇ ನೋಡಿ. ಜೇಮ್ಸ್ ಕಾಪರ್ ಅಲ್ಲಿನ ಹೊಲಗಳ ಮೇಲ್ವಿಚಾರಕ; ತಮ್ಮ ಥಾಮಸ್ ಹಳ್ಳಿಯ ಬ್ಲ್ಯಾಕ್ ಹಾರ್ಸ್ ಪಬ್ಬಿನ ಯಜಮಾನ. 1898ರಲ್ಲಿ ಕೇಟ್ ಲೀ ಎಂಬ ಗಾಯಕಿ ಆ ಊರಿಗೆ ಬಂದು ಅಣ್ಣತಮ್ಮಂದಿರ ಹಾಡುಗಳನ್ನು ಬರೆದುಕೊಂಡರು. ಅದೇ ವರ್ಷ ಲಂಡನ್ನಿನಲ್ಲಿ ಫೋಕ್ ಸಾಂಗ್ ಸೊಸೈಟಿ ಹುಟ್ಟಿತು. ಈ ಇಬ್ಬರು ಹಳ್ಳಿಗರನ್ನು ಅದರ ಗೌರವ ಸದಸ್ಯರನ್ನಾಗಿ ಮಾಡಿಕೊಂಡರು. ಜೇಮ್ಸ್‌ನ ಮಕ್ಕಳು ಜಿಮ್ ಮತ್ತು ಜಾನ್. ಜಿಮ್‌ನ ಮಗ ಬಾಬ್, ಜಾನ್‌ನ ಮಗ ರಾನ್. ಬಾಬ್ ಮೇಲಿನ ದನಿ, ರಾನ್ ಕೆಳಗಿನ ದನಿ. ಎರಡು ಕವಲು, ಎರಡು ದನಿ. ಒಂದು ಕವಲು ಹಾಡು ಬಿಟ್ಟರೆ ಇನ್ನೊಂದು ಕವಲಿನ ಹಾಡು ಕುಂಟುತ್ತದೆ ಅನ್ನುವ ಸ್ಥಿತಿ. 2004ರಲ್ಲಿ ಬಾಬ್ ತೀರಿಕೊಳ್ಳುವ ಹೊತ್ತಿಗೆ ಮಗ, ಮಗಳು, ಅಳಿಯ ಜೊತೆಗೆ ಹಾಡುತ್ತಿದ್ದರು, ಮೊಮ್ಮಕ್ಕಳೂ ಸೇರಿದ್ದರು. ಜೇಮ್ಸ್‌ನಿಂದ ಎಣಿಸಿದರೆ ಮೊಮ್ಮಕ್ಕಳದು ಐದನೇ ತಲೆಮಾರು.

ಇದರ ಎದುರಿಗೆ ನಾರ್ಫೋಕ್ ಪ್ರಾಂತ್ಯದ ನ್ಯಾಪ್ಟನ್ ಹಳ್ಳಿಯ ವಾಲ್ಟರ್ ಪಾರ್ಡನ್ ಅವರನ್ನು ಇಟ್ಟು ನೋಡಬೇಕು. 1914ರಲ್ಲಿ ಹುಟ್ಟಿದ ಬಡಗಿ. ಅವರ ತಾಯಿಯ ಕಡೆಯವರೆಲ್ಲ ಹಾಡುಗಾರರು. ಕ್ರಿಸ್‌ಮಸ್‌ಗೆ ಮನೆಯಲ್ಲಿ ಸೇರಿದಾಗ ಸರದಿಯ ಮೇಲೆ ಒಬ್ಬೊಬ್ಬರೇ ಹಾಡುತ್ತಿದ್ದರು. ಆ ಮನೆಯಲ್ಲಿ ಒಂದು ಶಿಸ್ತು ಇತ್ತು: ಯಾರ ಹಾಡು ಅವರದು, ಇನ್ನೊಬ್ಬರು ಅದನ್ನು ಎತ್ತಬಾರದು. ಗೌರವದ ಪದ್ಧತಿಯೇನೋ ಹೌದು. ಆದರೆ ಹಾಡುಗಾರ ಸತ್ತರೆ ಅವನ ಹಾಡಿಗೆ ವಾರಸುದಾರರಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೋದರು. 1942ರಲ್ಲಿ ಸೋದರಮಾವ ಬಿಲ್ಲಿ ಗೀ ಕೂಡ ಹೋದರು. ವಾಲ್ಟರ್ ಒಬ್ಬರೇ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು, ಧಾಟಿ ಮರೆಯದಿರಲಿ ಎಂದು ಮೆಲೋಡಿಯನ್ ಎಂಬ ತಿದಿವಾದ್ಯದಲ್ಲಿ ನುಡಿಸಿಕೊಂಡರು. ಕೇಳುವವರಿಲ್ಲದೆ ಹೀಗೆ ದಶಕಗಳು ಕಳೆದವು. 1970ರ ದಶಕದ ಆರಂಭದಲ್ಲಿ ಹೊರಗಿನವರಿಗೆ ಅವರ ವಿಷಯ ಗೊತ್ತಾದಾಗ ಅಲ್ಲೊಂದು ಭಂಡಾರವೇ ಇತ್ತು. ಅವರು ಮದುವೆಯಾಗಿರಲಿಲ್ಲ. 1996ರಲ್ಲಿ ತೀರಿಕೊಂಡರು. ಹಾಡುಗಳು ಧ್ವನಿಮುದ್ರಣದಲ್ಲಿ ಉಳಿದವು, ಮನೆಯಲ್ಲಿ ಉಳಿಯಲಿಲ್ಲ. ಎಷ್ಟು ಎಚ್ಚರದಿಂದ ಕಾಪಾಡಿದ ಮನುಷ್ಯ ಅವರು! ಅವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಎರಡನೆಯವರು ಬಂದು ಕೂರುವುದಕ್ಕೆ ಆ ಪದ್ಧತಿಯಲ್ಲಿ ಜಾಗ ಇರಲಿಲ್ಲ.

ರಕ್ತದಲ್ಲಿ ಬರಬೇಕು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಯಾರ್ಕ್‌ಷೈರಿನ ಹಲ್ ಬಂದರಿನ ವಾಟರ್ಸನ್ ಮನೆಯ ನಾರ್ಮಾ, ಮೈಕ್, ಲಾಲ್ ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಮನೆಯಲ್ಲಿ ಹಾಡುವ ಅಭ್ಯಾಸವಿತ್ತು. ಆದರೆ ಅವರನ್ನು ಹೆಸರುವಾಸಿ ಮಾಡಿದ ಹಳೆಯ ಹಾಡುಗಳಲ್ಲಿ ಬಹಳಷ್ಟನ್ನು ಸಂಗ್ರಹಗಳಿಂದ ಹೆಕ್ಕಿದ್ದು. ಸಂಬಂಧಿ ಜಾನ್ ಹ್ಯಾರಿಸನ್ ಜೊತೆ ಸೇರಿ 1965ರಲ್ಲಿ ಮೊದಲ ಎಲ್‌ಪಿ ತಂದರು. ಕಾಪರ್‌ಗಳ ದನಿಗಳು ಮೆತ್ತಗೆ ಕೂಡಿದರೆ ಇವರವು ಉಜ್ಜಾಡುತ್ತವೆ, ಪಂಚಮದ ಅಂತರದಲ್ಲಿ (ಸ ದಿಂದ ಪ ದಷ್ಟು ದೂರ) ಬರಿದಾಗಿ ನಿಲ್ಲುತ್ತವೆ. ನಾರ್ಮಾ ಮತ್ತು ಮಾರ್ಟಿನ್ ಕಾರ್ತಿಯವರ ಮಗಳು ಎಲೈಜಾ ಕಾರ್ತಿ ಇವತ್ತು ಇಂಗ್ಲಿಷ್ ಜನಪದ ಸಂಗೀತದ ದೊಡ್ಡ ಹೆಸರು. ಅಂದರೆ ಪುಸ್ತಕದಿಂದ ತಂದ ಹಾಡೂ ಒಂದೇ ತಲೆಮಾರಿನಲ್ಲಿ ಮನೆಯ ಹಾಡಾಗಬಲ್ಲದು.

ಇನ್ನು ಆ ಎರಡನೇ ದನಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ನಮ್ಮ ಸ್ವರಗಳಲ್ಲೇ ಹೇಳುತ್ತೇನೆ, ಸುಲಭ. ಈ ಹಾಡುಗಳಲ್ಲಿ ಹೆಚ್ಚಿನವು ಶಂಕರಾಭರಣ ರಾಗದ ಸ್ವರಗಳಲ್ಲಿವೆ. ಉಳಿದವುಗಳಲ್ಲಿ ಅವರು ಡೋರಿಯನ್ ಅನ್ನುವ ಸ್ವರಶ್ರೇಣಿ ನಮ್ಮ ಖರಹರಪ್ರಿಯದ ಸ್ವರಗಳು, ಮಿಕ್ಸೊಲಿಡಿಯನ್ ಅಂದರೆ ಹರಿಕಾಂಭೋಜಿ, ಏಯೋಲಿಯನ್ ಅಂದರೆ ನಠಭೈರವಿ. ಸ್ವರಗಳಷ್ಟೇ ಒಂದು, ಗಮಕ, ಸಂಚಾರ ಹುಡುಕಬೇಡಿ.

ಎರಡನೇ ದನಿ ಕಟ್ಟಲು ಹೊರಟ ಹೊಸಬರು ಮೊದಲು ಮಾಡುವುದು ಧಾಟಿಯ ಪ್ರತಿ ಸ್ವರಕ್ಕೂ ಎರಡು ಸ್ವರ ಕೆಳಗೆ ಹಿಡಿದುಕೊಂಡು ಹೋಗುವುದು. ಧಾಟಿ ಪ ದಲ್ಲಿದ್ದರೆ ಗ, ಮ ದಲ್ಲಿದ್ದರೆ ರಿ, ಗ ದಲ್ಲಿದ್ದರೆ ಸ. ಇಲ್ಲಿಯವರೆಗೆ ಹಿತವಾಗಿಯೇ ಇರುತ್ತದೆ. ಎಡವುವುದು ಸಾಲಿನ ಕೊನೆಯಲ್ಲಿ. ಧಾಟಿ ರಿ ಯಿಂದ ಸ ಕ್ಕೆ ಇಳಿದು ಮುಗಿಯುತ್ತದೆ. ಅದೇ ಅಂತರ ಕಾಯ್ದುಕೊಂಡರೆ ಕೆಳಗಿನವರು ನಿ ಯಿಂದ ದ ಕ್ಕೆ ಇಳಿಯುತ್ತಾರೆ, ಹಾಡು ಮನೆಗೆ ಬರದೆ ಹೊಸ್ತಿಲಾಚೆಯೇ ನಿಂತಂತೆ ಕೇಳುತ್ತದೆ. ಪರಿಹಾರ ಸರಳ. ಮೇಲಿನವರು ರಿ ಯಿಂದ ಸ ಕ್ಕೆ ಇಳಿಯುವಾಗ ಕೆಳಗಿನವರು ಮಂದ್ರದ, ಅಂದರೆ ಕೆಳಸ್ಥಾಯಿಯ, ನಿ ಯಿಂದ ಸ ಕ್ಕೆ ಏರಬೇಕು. ಒಬ್ಬರು ಇಳಿದು, ಒಬ್ಬರು ಏರಿ, ಒಂದೇ ಸ್ವರದಲ್ಲಿ ಕೂಡುವುದು. ಕಿವಿ ಕಾಯುತ್ತಿದ್ದ ಜಾಗ ಇದೇ. ಸಾಲಿನ ನಡುವೆ ಧಾಟಿ ಸ ದ ಮೇಲೆ ತಂಗಿದರೆ ಕೆಳಗಿನವರಿಗೆ ದ ಬೇಡ, ಮಂದ್ರದ ಪ ಹಿಡಿಯಲಿ. ಈ ಎರಡು ತಿದ್ದುಪಡಿ ಗೊತ್ತಿದ್ದರೆ ಶಂಕರಾಭರಣದ ಹಾಡುಗಳಲ್ಲಿ ಮುಕ್ಕಾಲು ಕೆಲಸ ಆದಂತೆ. ಖರಹರಪ್ರಿಯದ ಸ್ವರಗಳ ಹಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ನಿಷಾದ ಕೋಮಲ, ಏರುವಾಗ ಬೇರೆಯೇ ಬಣ್ಣ. ಅಂಥ ಹಾಡುಗಳನ್ನು ಎಲ್ಲರೂ ಒಂದೇ ದನಿಯಲ್ಲಿ ಹಾಡಿ, ಕೊನೆಯ ಸ್ವರಕ್ಕೆ ಮಾತ್ರ ಕೆಳಗಿನ ಪಂಚಮ ಕೊಟ್ಟರೆ ಸಾಕು, ಗಂಭೀರವಾಗಿರುತ್ತದೆ.

ಮನೆಯಲ್ಲಿ ಹೀಗೆ ಹಾಡಲು ಶುರು ಮಾಡುವವರು ಮೊದಲ ದಿನವೇ ಎರಡು ದನಿಗೆ ಕೈ ಹಾಕಬೇಡಿ. ನಾಲ್ಕೈದು ನುಡಿ ಇರುವ, ಪ್ರತಿ ನುಡಿಗೂ ಪಲ್ಲವಿ ಇರುವ ಒಂದೇ ಒಂದು ಹಾಡು ಆರಿಸಿ. ನುಡಿ ಗೊತ್ತಿದ್ದವರು ನುಡಿ ಹಾಡಲಿ, ಪಲ್ಲವಿಗೆ ಎಲ್ಲರೂ ಸೇರಲಿ. ಮೂರ್ನಾಲ್ಕು ವಾರ ಹೀಗೇ ಹಾಡಿ. ಯಾರೂ ಕಲಿಸದೆಯೇ ಮಕ್ಕಳಿಗೆ ನುಡಿಗಳೂ ಬಾಯಿಗೆ ಬಂದಿರುತ್ತವೆ. ಆಮೇಲೆ ಒಬ್ಬರು, ಒಬ್ಬರೇ, ಕೆಳಗಿನ ದನಿ ಹಿಡಿಯಲಿ. ಉಳಿದವರು ಧಾಟಿಯನ್ನು ಬಿಡಬಾರದು. ಪಕ್ಕದವರ ದನಿ ಬೇರೆಯಾದ ಕೂಡಲೇ ಅದರ ಹಿಂದೆ ಜಾರುವುದು ಸಹಜ. ಹಾಗಾದರೆ ನಿಲ್ಲಿಸಿ ಬೈಯಬೇಡಿ, ಮುಂದಿನ ನುಡಿಯನ್ನು ಒಂದೇ ದನಿಯಲ್ಲಿ ಹಾಡಿ ಮತ್ತೆ ಬೇರ್ಪಡಿಸಿ.

ಶ್ರುತಿ ಹಿಡಿಯುವುದರಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಎತ್ತಿಕೊಡುವವರು ಮೊದಲ ಸಾಲು ತಮಗೆ ಹಿತವಾದ ಎತ್ತರದಲ್ಲಿ ಹಿಡಿದುಬಿಡುತ್ತಾರೆ. ಧಾಟಿಯ ಶಿಖರ ಇರುವುದು ಸಾಮಾನ್ಯವಾಗಿ ಮೂರನೇ ಸಾಲಿನಲ್ಲಿ ಅಥವಾ ಪಲ್ಲವಿಯಲ್ಲಿ. ಅಲ್ಲಿಗೆ ಬರುವಾಗ ಅರ್ಧ ಮನೆಯವರ ಗಂಟಲು ಕಟ್ಟಿಕೊಂಡಿರುತ್ತದೆ. ಹಾಡು ಶುರುವಾಗುವ ಮೊದಲು ಆ ಶಿಖರದ ಸ್ವರವನ್ನು ಒಮ್ಮೆ ಗುನುಗಿ ನೋಡಿ, ಅಲ್ಲಿಂದ ಷಡ್ಜಕ್ಕೆ ಇಳಿದು ಬನ್ನಿ. ಧಾಟಿ ಸ ದಿಂದ ತಾರ ಸ ದವರೆಗೆ ಹರಡಿದ್ದರೆ ಹಾರ್ಮೋನಿಯಂ ಲೆಕ್ಕದ ಒಂದು ಅಥವಾ ಎರಡು ಮನೆ ಶ್ರುತಿ ಮಿಶ್ರ ಗುಂಪಿಗೆ ಆಗುತ್ತದೆ. ಮಂದ್ರದ ಪ ದಿಂದ ಮಧ್ಯದ ಪ ದವರೆಗೆ ಆಡುವ ಧಾಟಿಗೆ ಅದು ತೀರಾ ತಗ್ಗು, ನಾಲ್ಕು ಅಥವಾ ಐದು ಮನೆಗೆ ಏರಿಸಬೇಕು. ದೊಡ್ಡವರು ಮಾಡುವ ಇನ್ನೊಂದು ತಪ್ಪು, ಮಕ್ಕಳಿಗೆ ಸುಲಭವಾಗಲಿ ಎಂದು ತಗ್ಗಿಸುವುದು. ಮಗುವಿಗೆ ತಗ್ಗು ಶ್ರುತಿಯೇ ಕಷ್ಟ. ಗೊಣಗುವ ಮಗುವನ್ನು ಶ್ರುತಿಜ್ಞಾನ ಇಲ್ಲದ್ದು ಎಂದು ಎಷ್ಟೋ ಸಲ ತಳ್ಳಿಹಾಕಿಬಿಡುತ್ತಾರೆ, ಅನ್ಯಾಯ.

ವಾದ್ಯ ಇಲ್ಲದೆ ಆರು ನುಡಿ ಹಾಡಿದರೆ ಶ್ರುತಿ ಅರ್ಧ ಸ್ವರದಷ್ಟು ಇಳಿಯುವುದುಂಟು. ಎಲ್ಲರೂ ಒಟ್ಟಿಗೆ ಇಳಿದರೆ ಹೆದರುವುದೇನಿಲ್ಲ, ಕೇಳುವವರಿಗೆ ತಿಳಿಯುವುದೂ ಇಲ್ಲ. ಒಬ್ಬರು ಮಾತ್ರ ಹಠ ಹಿಡಿದು ಹಳೆಯ ಶ್ರುತಿಯಲ್ಲೇ ನಿಂತರೆ ಕೆಡುತ್ತದೆ. ಇಳಿಯಲು ಕಾರಣ ಹೆಚ್ಚಾಗಿ ಉಸಿರು. ಸಾಲಿನ ಕೊನೆಯ ದೀರ್ಘ ಸ್ವರಕ್ಕೆ ಗಾಳಿ ಉಳಿದಿರುವುದಿಲ್ಲ, ಸ್ವರ ಸೋಲುತ್ತದೆ, ಮುಂದಿನ ಸಾಲು ಆ ಸೋತ ಸ್ವರದಿಂದಲೇ ಏಳುತ್ತದೆ. ಎಲ್ಲರೂ ಒಂದೇ ಕಡೆ, ಸಾಲು ಮುಗಿದ ಮೇಲೆ, ಸಾಕಷ್ಟು ಉಸಿರು ತೆಗೆದುಕೊಳ್ಳಿ. ತಾಳ ಒಂದಿಷ್ಟು ತಪ್ಪಿದರೂ ಪರವಾಗಿಲ್ಲ. ಈ ಹಾಡುಗಳು ಮಾತಿನ ನಡಿಗೆಯಲ್ಲಿ ಹೋಗುತ್ತವೆ, ಲಯ ಎಣಿಸುವ ಮೆಟ್ರೊನೋಮ್ ಯಂತ್ರಕ್ಕೆ ಕಟ್ಟಿದರೆ ಸತ್ತುಹೋಗುತ್ತವೆ.

ಪದಗಳ ವಿಷಯ. ಜಿಮ್ ಕಾಪರ್ 1936ರಲ್ಲಿ ಮನೆಯ ಹಾಡುಗಳ ಸಾಹಿತ್ಯವನ್ನು ಪುಸ್ತಕದಲ್ಲಿ ಬರೆದಿಟ್ಟರು. ಪದ ಪುಸ್ತಕದಲ್ಲಿ, ಧಾಟಿ ಕಿವಿಯಲ್ಲಿ. ಈ ಹಂಚಿಕೆ ಬಹಳ ಬುದ್ಧಿವಂತಿಕೆಯದು ಎಂದು ನನ್ನ ಅಭಿಪ್ರಾಯ. ಮರೆವು ಮೊದಲು ತಿನ್ನುವುದು ನಡುವಿನ ನುಡಿಗಳನ್ನು. ಅವು ಕಾಗದದಲ್ಲಿದ್ದರೆ ಸಾಕು. ಧಾಟಿಗೆ ಮಾತ್ರ ಜೊತೆಯಲ್ಲಿ ಕೂರಲೇಬೇಕು. ಮನೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ, ಕೈಯಲ್ಲೇ ಬರೆಯಿರಿ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನ್ ನೋಡಿಕೊಂಡು ಹಾಡಿದರೆ ಕಣ್ಣು ಕಣ್ಣು ಸೇರುವುದಿಲ್ಲ. ಕಣ್ಣು ಸೇರದಿದ್ದರೆ ಉಸಿರು ಕೂಡುವುದಿಲ್ಲ, ಉಸಿರು ಕೂಡದಿದ್ದರೆ ಹಿಂದೆ ಹೇಳಿದ ಎಲ್ಲ ತೊಂದರೆಗಳೂ ಬರುತ್ತವೆ. ಮನೆಯಲ್ಲಿ ತಪ್ಪಾಗಿ ಕೇಳಿಸಿಕೊಂಡು ಬೇರೂರಿದ ಪದಗಳನ್ನು ಅಚ್ಚಿನ ಪಾಠ ನೋಡಿ ತಿದ್ದಬೇಡಿ. ಆ ಮನೆಯ ಗುರುತು ಅದು.

ಹಾಡಿಗೆ ಒಂದು ದಿನವೂ ಬೇಕು. ಶೆಫೀಲ್ಡ್ ಸುತ್ತಿನ ಹಳ್ಳಿಗಳಲ್ಲಿ ನವೆಂಬರ್ ಮಧ್ಯದಿಂದ ಕ್ರಿಸ್‌ಮಸ್‌ವರೆಗೆ ಪಬ್ಬುಗಳಲ್ಲಿ ಆ ಸೀಮೆಯದೇ ಆದ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಹಾಡುತ್ತಾರೆ. ಡಂಗ್‌ವರ್ತ್‌ನ ರಾಯಲ್ ಹೋಟೆಲ್ ಇದಕ್ಕೆ ಹೆಸರಾದ ಜಾಗ. ಅಪ್ಪ ನಿಲ್ಲುತ್ತಿದ್ದ ಮೂಲೆಯಲ್ಲಿ ಮಗ ನಿಂತು ಅಪ್ಪನ ದನಿಯನ್ನೇ ಹಾಡುವುದು ಅಲ್ಲಿ ಸಾಮಾನ್ಯ. ಕುರುಬರು ರಾತ್ರಿ ಕುರಿ ಕಾಯುವ ಒಂದೇ ಕ್ಯಾರಲ್ಲಿಗೆ ಅವರಲ್ಲಿ ಹಲವಾರು ಧಾಟಿಗಳಿವೆ. ಅದರ ಸಾಲುಗಳು 8, 6, 8, 6 ಅಕ್ಷರಗಳ ಅಳತೆಯವು. ಇದೇ ಅಳತೆಯ ಯಾವ ಧಾಟಿಯನ್ನಾದರೂ ತೊಡಿಸಬಹುದು. ಜನವರಿ ಬಂತೆಂದರೆ ಆ ಹಾಡುಗಳು ಮುಂದಿನ ಚಳಿಗಾಲದವರೆಗೆ ಮೌನ. ವರ್ಷವಿಡೀ ಸಿಗುವುದಿಲ್ಲ ಎಂದೇ ಮಕ್ಕಳು ಕಾಯುತ್ತಾರೆ.

ಮಕ್ಕಳ ಮುಂದೆ ಸಾವುನೋವಿನ ಹಾಡು ಹಾಡಬಹುದೇ ಎಂಬ ಹಿಂಜರಿಕೆ ಅನೇಕರಿಗಿದೆ. ಕಾಪರ್ ಮನೆಯಲ್ಲೇ ಕಾಡಿನಲ್ಲಿ ದಾರಿ ತಪ್ಪಿ ಸಾಯುವ ಎರಡು ಎಳೆಯ ಮಕ್ಕಳ ಹಾಡಿದೆ. ಹಕ್ಕಿಗಳು ಎಲೆ ತಂದು ಅವುಗಳ ಮೇಲೆ ಹೊದಿಸುತ್ತವೆ. ಪುಣ್ಯಕೋಟಿ ಕೇಳಿ ಅತ್ತು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಯವಿಟ್ಟು ಅಂಥ ಹಾಡುಗಳನ್ನು ಕತ್ತರಿಸಿ ಸಿಹಿ ಮಾಡಬೇಡಿ. ನಾಲ್ಕು ಜನ ಪಕ್ಕದಲ್ಲಿ ಕೂತು ಹಾಡುವಾಗ ಮಗು ಆ ದುಃಖವನ್ನು ತಡೆದುಕೊಳ್ಳುತ್ತದೆ.

ಹಾಡು ಹುಡುಕುವವರಿಗೆ ಒಂದು ದಾರಿ. ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನಲ್ಲಿ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯ ಇದೆ. ಹಳೆಯ ಸಂಗ್ರಹಕಾರರ ಹಸ್ತಪ್ರತಿಗಳನ್ನು ಅದರ ಜಾಲತಾಣದಲ್ಲೇ ಉಚಿತವಾಗಿ ನೋಡಬಹುದು. ಸ್ಟೀವ್ ರೌಡ್ ಸಿದ್ಧಪಡಿಸಿದ ಸೂಚಿಯಲ್ಲಿ ಪ್ರತಿ ಹಾಡಿಗೂ ಒಂದು ಸಂಖ್ಯೆ ಇದೆ, ಒಂದೇ ಹಾಡಿನ ಎಲ್ಲ ಪಾಠಗಳಿಗೂ ಅದೇ ಸಂಖ್ಯೆ. ಹೆಸರಿನಿಂದ ಹುಡುಕಿದರೆ ದಾರಿ ತಪ್ಪುತ್ತೀರಿ, ಊರಿಗೊಂದು ಹೆಸರು. ಸಂಖ್ಯೆಯಿಂದ ಹುಡುಕಿ, ಐದಾರು ಪಾಠ ಹೋಲಿಸಿ, ನಿಮ್ಮ ಮನೆಯ ಗಂಟಲಿಗೆ ಒಗ್ಗುವ ಧಾಟಿ ಆರಿಸಿ. ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಧಾಟಿ ಒಂದೇ ಇರುತ್ತದೆ. ಕೆಳಗಿನ ದನಿಯನ್ನು ನೀವೇ ಕಟ್ಟಿಕೊಳ್ಳಬೇಕು.

ಕೂರುವ ಕ್ರಮ ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಕಲಿಕೆ ಅದರ ಮೇಲೆ ನಿಂತಿದೆ. ಕೆಳಗಿನ ದನಿ ಕಲಿಯುವ ಮಗುವನ್ನು ಅದೇ ದನಿ ಹಾಡುವ ದೊಡ್ಡವರ ಪಕ್ಕ, ಧಾಟಿ ಹಾಡುವವರಿಂದ ದೂರದ ಬದಿಯಲ್ಲಿ ಕೂರಿಸಿ. ಹಾಗಾದರೆ ಮಗುವಿನ ಒಂದು ಕಿವಿಗೆ ತನ್ನ ದನಿಯ ಆಸರೆ ಹತ್ತಿರದಿಂದ ಸಿಗುತ್ತದೆ. ಎರಡು ಮೂರು ತಿಂಗಳಾದ ಮೇಲೆ, ಪಲ್ಲವಿಯ ಕೊನೆಯಲ್ಲಿ ಅದು ತಾನಾಗಿಯೇ ನಿ ಯಿಂದ ಸ ಕ್ಕೆ ಏರುವುದು ಕೇಳಿಸಿದ ದಿನ, ಮಗುವನ್ನು ಎಬ್ಬಿಸಿ ಇಬ್ಬರ ನಡುವೆ ಕೂರಿಸಿ.